ರಸಗೊಬ್ಬರದ ಲೆಕ್ಕಮಾಡುವ ತಂತ್ರಾಂಶವನ್ನು ತಂಡವಾಗಿ ಪರೀಕ್ಷಿಸುವ ಕ್ರಮ

ರಸಗೊಬ್ಬರದ ಚೀಲದ ಮೇಲೆ ಸಾರಜನಕವು ಶೇಕಡ 46ರಷ್ಟಿರುವುದೆಂದು ಅಚ್ಚಾಗಿರುವ ಮಾತ್ರಕ್ಕೆ ಇಲಾಖೆಯವರು ಅದನ್ನು ನಂಬಿ ಸುಮ್ಮನಿರುವುದಿಲ್ಲ. 1985ರ ರಸಗೊಬ್ಬರ ನಿಯಂತ್ರಣ ಆಜ್ಞೆಗನುಸಾರವಾಗಿ ಚೀಲದಿಂದ ಮಾದರಿಯನ್ನು ತೆಗೆದು, ಮೊಹರು ಮಾಡಿ, ಪ್ರಯೋಗಶಾಲೆಗೆ ಕಳುಹಿಸುವರು. ಚೀಲದ ಮೇಲಿನ ಬರಹವು ತಯಾರಕನು ಕೊಟ್ಟ ಮಾತು. ಪ್ರಯೋಗಶಾಲೆಯ ವರದಿಯು ಆ ಮಾತು ನಿಜವೆಂಬುದಕ್ಕೆ ಸಾಕ್ಷಿ. ಇವೆರಡೂ ಒಂದಕ್ಕೊಂದು ಹೊಂದಿಕೊಂಡಾಗ ಮಾತ್ರ ಒಕ್ಕಲಿಗನು ನಿಶ್ಚಿಂತೆಯಿಂದ ಗೊಬ್ಬರವನ್ನು ಕೊಳ್ಳಬಹುದು.

ಈಗಿನ ಕಾಲದಲ್ಲಿ ಚೀಲದೊಳಗಿನ ಗೊಬ್ಬರದಂತೆಯೇ ಗೊಬ್ಬರದ ಲೆಕ್ಕವೂ ಪರೀಕ್ಷೆಗೆ ಒಳಪಡಬೇಕಾಗಿದೆ. ಎಷ್ಟು ಜಮೀನಿಗೆ ಎಷ್ಟು ಯೂರಿಯ, ಎಷ್ಟು ಡಿ.ಎ.ಪಿ. ಬೇಕೆಂಬುದನ್ನು ಮೊಬೈಲಿನಲ್ಲಿಯೂ ಕಂಪ್ಯೂಟರಿನಲ್ಲಿಯೂ ತಂತ್ರಾಂಶದ ಮೂಲಕ ಕ್ಷಣಮಾತ್ರದಲ್ಲಿ ತಿಳಿಯಬಹುದಾಗಿದೆ. ಇದರಿಂದ ಅನುಕೂಲವು ಬಹಳ. ಆದರೆ ಕಾಗದದ ಮೇಲೆ ಲೆಕ್ಕ ತಪ್ಪಿದ ನೌಕರನು ಒಬ್ಬ ರೈತನಿಗೆ ನಷ್ಟವನ್ನುಂಟುಮಾಡಿದರೆ, ತಪ್ಪು ಲೆಕ್ಕದ ತಂತ್ರಾಂಶವು ಅದನ್ನು ಬಳಸಿದವರೆಲ್ಲರಿಗೂ ಅದೇ ನಷ್ಟವನ್ನು ಹಂಚುವುದು. ಆದಕಾರಣ ತಂತ್ರಾಂಶವು ತಾನು ಮಾಡಬೇಕಾದುದನ್ನೇ ಮಾಡುವುದೋ ಇಲ್ಲವೋ ಎಂಬುದನ್ನು ಬಳಕೆಗೆ ಮುಂಚೆಯೇ ಪರೀಕ್ಷಿಸುವುದು ಅವಶ್ಯಕ. ಈ ಪರೀಕ್ಷೆಯನ್ನು ಹೋಬಳಿ ಮಟ್ಟದ ಸಿಬ್ಬಂದಿಯು ತಾವೇ ತಂಡವಾಗಿ ಅಭ್ಯಾಸಮಾಡುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ. ಇದಕ್ಕೆ ತಂತ್ರಾಂಶವನ್ನು ಬರೆಯುವ ವಿದ್ಯೆಯು ಬೇಕಾಗಿಲ್ಲ. ಸರಳ ಗಣಿತ, ತಾಳ್ಮೆ, ಬೇಸಾಯದ ಅರಿವು ಇವು ಮೂರಿದ್ದರೆ ಸಾಕು.

1. ತಂಡದ ಏರ್ಪಾಡು

ತಂಡದಲ್ಲಿ ಐದು ಮಂದಿಯಿರತಕ್ಕದ್ದು. ಮೊದಲನೆಯವನು ಸಂಚಾಲಕ, ಕಾಲವನ್ನು ನೋಡಿಕೊಂಡು, ಚರ್ಚೆಯು ದಾರಿ ತಪ್ಪದಂತೆ ನಡೆಸುವವನು. ಎರಡನೆಯವನು ಓದುಗ, ತಂತ್ರಾಂಶದಿಂದ ಬೇಕಾದ ಕೆಲಸಗಳ ಪಟ್ಟಿಯನ್ನು ಕಲಮು ಕಲಮಾಗಿ ಗಟ್ಟಿಯಾಗಿ ಓದುವವನು. ಮೂರನೆಯವನು ಕೈಲೆಕ್ಕದವನು, ಸರಿಯಾದ ಉತ್ತರವನ್ನು ಮುಂಚಿತವಾಗಿ ಕಾಗದದ ಮೇಲೆ ಕಂಡುಹಿಡಿಯುವವನು. ನಾಲ್ಕನೆಯವನು ತಂತ್ರಾಂಶಕ್ಕೆ ಅಂಕಿಗಳನ್ನು ಕೊಟ್ಟು ಉತ್ತರವನ್ನು ಪಡೆಯುವವನು. ಐದನೆಯವನು ಲೇಖಕ, ನಡೆದುದೆಲ್ಲವನ್ನೂ ಬರೆದಿಡುವವನು. ಇವರ ಜೊತೆಗೆ ಓದು ಬಲ್ಲ ಒಬ್ಬ ರೈತನು ಕುಳಿತಿರುವುದು ಬಹಳ ಪ್ರಯೋಜನಕರ.

ತಂತ್ರಾಂಶವನ್ನು ತಯಾರಿಸಿದವನು ಸಭೆಯಲ್ಲಿರಬಹುದು, ಆದರೆ ಪರೀಕ್ಷಕನಾಗಿರಕೂಡದು. ತಾನು ಬಿತ್ತಿದ ಹೊಲದ ಕಳೆಯು ತನ್ನ ಕಣ್ಣಿಗೆ ಕಾಣುವುದು ಕಷ್ಟ. 1976ರಲ್ಲಿ ಅಮೆರಿಕದ ಐ.ಬಿ.ಎಂ. ಸಂಸ್ಥೆಯ ಮೈಕೇಲ್ ಫೇಗನ್ ಎಂಬವರು ತಂತ್ರಾಂಶಗಳನ್ನು ಸಣ್ಣ ತಂಡಗಳ ಮೂಲಕ ತಪಾಸಣೆಮಾಡುವ ಕ್ರಮವೊಂದನ್ನು ಪ್ರಕಟಿಸಿದರು. ತಂಡದ ಪ್ರತಿಯೊಬ್ಬನಿಗೂ ಗೊತ್ತಾದ ಒಂದು ಕೆಲಸವಿರಬೇಕು, ಒಂದು ಸಭೆಯು ಎರಡು ಗಂಟೆಗಳನ್ನು ಮೀರಬಾರದು, ಸಭೆಯ ಕೆಲಸವು ದೋಷಗಳನ್ನು ಹುಡುಕುವುದೇ ಹೊರತು ಅಲ್ಲಿಯೇ ತಿದ್ದುವುದಲ್ಲ ಎಂಬವು ಆ ಕ್ರಮದ ಮುಖ್ಯ ಅಂಶಗಳು. ದೋಷವು ತಂತ್ರಾಂಶದ್ದು; ತಯಾರಿಸಿದವನ ಯೋಗ್ಯತೆಯನ್ನು ಅಳೆಯುವುದು ಸಭೆಯ ಕೆಲಸವಲ್ಲ. ಈ ನಿಯಮವನ್ನು ಮರೆತರೆ ತಯಾರಕನು ದೋಷಗಳನ್ನು ಮುಚ್ಚಿಡುವನು, ಉಳಿದವರು ದಾಕ್ಷಿಣ್ಯದಿಂದ ಸುಮ್ಮನಾಗುವರು.

ಅಭ್ಯಾಸಕ್ಕಾಗಿ ಉಪಾಧ್ಯಾಯನಾದವನು ಕಂಪ್ಯೂಟರಿನ ಲೆಕ್ಕದ ಹಾಳೆಯಲ್ಲಿಯೇ ಸಣ್ಣದೊಂದು ತಂತ್ರಾಂಶವನ್ನು ತಯಾರಿಸಿ, ಅದರಲ್ಲಿ ಕೆಲವು ದೋಷಗಳನ್ನು ಬೇಕೆಂದೇ ಇಟ್ಟು, ಅವುಗಳ ಸಂಖ್ಯೆಯನ್ನು ತಂಡಕ್ಕೆ ಹೇಳದಿರತಕ್ಕದ್ದು. ಸಭೆ ಮುಗಿದ ಮೇಲೆ ಇಟ್ಟ ದೋಷಗಳಲ್ಲಿ ಎಷ್ಟು ಸಿಕ್ಕಿದುವೆಂದು ಎಣಿಸಿದರೆ ತಂಡದ ಪರೀಕ್ಷೆಯು ಎಷ್ಟು ಸೂಕ್ಷ್ಮವಾದುದೆಂಬುದು ತಿಳಿಯುವುದು.

2. ಅಗತ್ಯಗಳ ಪಟ್ಟಿ

ಯಾವುದಕ್ಕೆ ಹೋಲಿಸಿ ಸರಿ ತಪ್ಪುಗಳನ್ನು ಹೇಳಬೇಕೆಂಬುದು ಗೊತ್ತಿಲ್ಲದಿದ್ದರೆ ಪರೀಕ್ಷೆಗೆ ಅರ್ಥವೇ ಇಲ್ಲ. ಆದ್ದರಿಂದ ತಂತ್ರಾಂಶವು ಮಾಡತಕ್ಕ ಕೆಲಸಗಳ ಪಟ್ಟಿಯನ್ನು ಮೊದಲು ಮುಂದಿಟ್ಟುಕೊಳ್ಳಬೇಕು. ನೀರಾವರಿ ರಾಗಿಯ ಗೊಬ್ಬರದ ಲೆಕ್ಕಕ್ಕೆ ಅಂಥ ಪಟ್ಟಿಯು ಈ ರೀತಿ ಇರುವುದೆಂದು ಇಟ್ಟುಕೊಳ್ಳಬಹುದು:—

ಕಲಮು 1. ಜಮೀನಿನ ಕ್ಷೇತ್ರವನ್ನು ಎಕರೆ ಗುಂಟೆಗಳಲ್ಲಿ ಸ್ವೀಕರಿಸತಕ್ಕದ್ದು. 40 ಗುಂಟೆಗೆ 1 ಎಕರೆ. ಗುಂಟೆಯ ಸ್ಥಾನದಲ್ಲಿ 39ಕ್ಕೆ ಮೀರಿದ ಅಂಕಿ ಬಂದರೆ ನಿರಾಕರಿಸಿ, ಕಾರಣವನ್ನು ಕನ್ನಡದಲ್ಲಿ ತಿಳಿಸತಕ್ಕದ್ದು.

ಕಲಮು 2. ಹೆಕ್ಟೇರಿಗೆ ಸಾರಜನಕ 100, ರಂಜಕ 50, ಪೊಟ್ಯಾಷ್ 50 ಕಿಲೋಗ್ರಾಂಗಳಂತೆ ಲೆಕ್ಕಹಾಕತಕ್ಕದ್ದು. 1 ಹೆಕ್ಟೇರಿಗೆ 2.471 ಎಕರೆ.

ಕಲಮು 3. ರಂಜಕವನ್ನೆಲ್ಲಾ ಡಿ.ಎ.ಪಿ.ಯಿಂದ ಒದಗಿಸತಕ್ಕದ್ದು. ಡಿ.ಎ.ಪಿ.ಯಲ್ಲಿ ಶೇಕಡ 46 ರಂಜಕವೂ ಶೇಕಡ 18 ಸಾರಜನಕವೂ ಇರುವುವು. ಈ ಸಾರಜನಕವನ್ನು ಕಳೆದು, ಉಳಿದುದನ್ನು ಶೇಕಡ 46 ಸಾರಜನಕವುಳ್ಳ ಯೂರಿಯದಿಂದ ಒದಗಿಸತಕ್ಕದ್ದು.

ಕಲಮು 4. ಪೊಟ್ಯಾಷನ್ನು ಶೇಕಡ 60ರ ಮ್ಯೂರಿಯೇಟ್ ಆಫ್ ಪೊಟ್ಯಾಷಿನಿಂದ ಒದಗಿಸತಕ್ಕದ್ದು.

ಕಲಮು 5. ಉತ್ತರವನ್ನು ಸಮೀಪದ ಪೂರ್ಣ ಕಿಲೋಗ್ರಾಮಿಗೂ, ಚೀಲಗಳ ಲೆಕ್ಕದಲ್ಲಿಯೂ ತೋರಿಸತಕ್ಕದ್ದು. ಚೀಲ 1ಕ್ಕೆ 50 ಕಿಲೋಗ್ರಾಂ.

ಕಲಮು 6. ಉತ್ತರವು ಬೇಗನೆ ಬರತಕ್ಕದ್ದು. ರೈತರಿಗೆ ಸುಲಭವಾಗಿ ತಿಳಿಯುವಂತಿರತಕ್ಕದ್ದು.

ಪಟ್ಟಿಯನ್ನು ಓದುವಾಗಲೇ ಪರೀಕ್ಷೆಯು ಪ್ರಾರಂಭವಾಗುವುದು. ಪ್ರತಿ ಕಲಮಿಗೂ ಸಂಚಾಲಕನು ಕೇಳಬೇಕಾದ ಪ್ರಶ್ನೆ ಒಂದೇ: ಇದು ನೆರವೇರಿತೋ ಇಲ್ಲವೋ ಎಂಬುದನ್ನು ಇಬ್ಬರು ಬೇರೆ ಬೇರೆಯಾಗಿ ನೋಡಿ ಒಂದೇ ತೀರ್ಮಾನಕ್ಕೆ ಬರಲು ಸಾಧ್ಯವೆ? ಮೊದಲ ಐದು ಕಲಮುಗಳಿಗೆ ಸಾಧ್ಯ. ಆರನೆಯದಕ್ಕೆ ಸಾಧ್ಯವಿಲ್ಲ. ಒಬ್ಬನಿಗೆ ಬೇಗನೆಂಬುದು ಮತ್ತೊಬ್ಬನಿಗೆ ತಡವಾಗಬಹುದು. ಅಂಥ ಕಲಮನ್ನು ಹಿಂದಕ್ಕೆ ಕಳುಹಿಸಿ, ‘ಉತ್ತರವು 5 ಸೆಕೆಂಡುಗಳೊಳಗೆ ಬರತಕ್ಕದ್ದು, ತಂತ್ರಾಂಶವನ್ನು ಹಿಂದೆ ನೋಡದ ರೈತನು ಯಾರ ಸಹಾಯವೂ ಇಲ್ಲದೆ ಉತ್ತರವನ್ನು ಓದಿ, ಏನೇನು ಕೊಳ್ಳಬೇಕೆಂದು ಹೇಳುವಂತಿರತಕ್ಕದ್ದು’ ಎಂಬಂತೆ ತಿದ್ದಿಸಿಕೊಳ್ಳಬೇಕು. ಅಳತೆಗೆ ಸಿಕ್ಕದ ಕಲಮು ತಪ್ಪಿದಾಗ ಯಾರನ್ನೂ ಹೊಣೆಮಾಡುವಂತಿಲ್ಲ.

3. ಕೈಲೆಕ್ಕ ಮೊದಲು

ತಂತ್ರಾಂಶವನ್ನು ಮುಟ್ಟುವುದಕ್ಕೆ ಮುಂಚೆಯೇ ಸರಿಯಾದ ಉತ್ತರವು ಕಾಗದದ ಮೇಲಿರಬೇಕು. ಯಂತ್ರದ ಉತ್ತರವನ್ನು ಮೊದಲು ನೋಡಿದರೆ ಮನಸ್ಸು ಅದರ ಕಡೆಗೇ ವಾಲುವುದು. ಅಂಕಿಗಳು ತೆರೆಯ ಮೇಲೆ ಅಚ್ಚುಕಟ್ಟಾಗಿ ಕಂಡ ಮಾತ್ರಕ್ಕೆ ಸರಿಯಿರಬೇಕೆಂದು ತೋರುವುದು.

1 ಎಕರೆ 20 ಗುಂಟೆ ಜಮೀನನ್ನು ತೆಗೆದುಕೊಂಡರೆ ಕೈಲೆಕ್ಕವು ಹೀಗೆ ನಡೆಯುವುದು. 20 ಗುಂಟೆಯೆಂದರೆ ಅರ್ಧ ಎಕರೆ, ಒಟ್ಟು 1.5 ಎಕರೆ, ಅಂದರೆ 0.607 ಹೆಕ್ಟೇರು. ಇದಕ್ಕೆ ಸಾರಜನಕ 60.7, ರಂಜಕ 30.35, ಪೊಟ್ಯಾಷ್ 30.35 ಕಿಲೋಗ್ರಾಂ ಬೇಕು. ರಂಜಕಕ್ಕಾಗಿ ಡಿ.ಎ.ಪಿ. 66 ಕಿಲೋಗ್ರಾಂ. ಇದರಿಂದಲೇ ಸುಮಾರು 11.9 ಕಿಲೋಗ್ರಾಂ ಸಾರಜನಕ ದೊರೆಯುವುದು. ಉಳಿದ 48.8 ಕಿಲೋಗ್ರಾಂ ಸಾರಜನಕಕ್ಕೆ ಯೂರಿಯ 106 ಕಿಲೋಗ್ರಾಂ. ಪೊಟ್ಯಾಷಿಗಾಗಿ ಮ್ಯೂರಿಯೇಟ್ 51 ಕಿಲೋಗ್ರಾಂ. ಈ ಅಂಕಿಗಳು ಅಭ್ಯಾಸಕ್ಕಾಗಿ ಮಾತ್ರ. ಹೊಲಕ್ಕೆ ಹಾಕುವಾಗ ಮಣ್ಣಿನ ಪರೀಕ್ಷೆಯ ವರದಿಯನ್ನು ಅನುಸರಿಸತಕ್ಕದ್ದು.

4. ಉದಾಹರಣೆಗಳನ್ನು ಆರಿಸುವ ಕ್ರಮ

ಈ ಅಭ್ಯಾಸದ ಜೀವಾಳವು ಇಲ್ಲಿಯೇ ಇರುವುದು. ಬಿತ್ತನೆ ಬೀಜದ ಮೊಳಕೆಯನ್ನು ಪರೀಕ್ಷಿಸುವಾಗ ರಾಶಿಯಿಂದ 400 ಬೀಜಗಳನ್ನೆಣಿಸಿ, ನೂರು ನೂರರಂತೆ ನಾಲ್ಕು ಭಾಗಮಾಡಿ ಮೊಳಕೆಗಿಡುವರು. ರಾಶಿಯನ್ನು ಚೆನ್ನಾಗಿ ಬೆರಸಿದ್ದರೆ ಆ 400 ಬೀಜಗಳು ರಾಶಿಯ ಗುಣವನ್ನೇ ತೋರಿಸುವುವು. ತಂತ್ರಾಂಶದ ಸ್ವಭಾವವು ಹೀಗಲ್ಲ. ಅದರಲ್ಲಿ ದೋಷವು ಬೆರೆತು ಹರಡಿರುವುದಿಲ್ಲ. ಒಂದು ಮೂಲೆಯಲ್ಲಿ ಅಡಗಿ ಕುಳಿತಿರುವುದು. ಆ ಮೂಲೆಗೆ ಹೋಗದ 400 ಪರೀಕ್ಷೆಗಳು ಒಂದೇ ಪರೀಕ್ಷೆಗೆ ಸಮ.

ಇದಕ್ಕೆ ನಿದರ್ಶನವನ್ನು ಎಕರೆ ಗುಂಟೆಯಲ್ಲಿಯೇ ನೋಡಬಹುದು. 1 ಎಕರೆ 20 ಗುಂಟೆಯನ್ನು 1-20 ಎಂದೋ 1.20 ಎಂದೋ ಬರೆಯುವ ವಾಡಿಕೆಯುಂಟು. ಗುಂಟೆಯ ಲೆಕ್ಕವನ್ನು ಕಂಡರಿಯದ ತಯಾರಕನು ಇದನ್ನು ದಶಾಂಶವೆಂದು ತಿಳಿದು ತಂತ್ರಾಂಶವನ್ನು ಬರೆದಿದ್ದಾನೆಂದು ಭಾವಿಸಬಹುದು. ತಂಡವು 1 ಎಕರೆ, 2 ಎಕರೆ, 5 ಎಕರೆ, 10 ಎಕರೆಗಳನ್ನು ಕೊಟ್ಟು ನೋಡಿದರೆ ಉತ್ತರಗಳೆಲ್ಲಾ ಸರಿಯಾಗಿಯೇ ಇರುವುವು. ‘ಪರೀಕ್ಷೆಯಾಯಿತು, ತಂತ್ರಾಂಶವು ಯೋಗ್ಯವಾಗಿದೆ’ ಎಂದು ರುಜು ಹಾಕಿ ಕಳುಹಿಸಿದರೆ ಮುಂದಿನ ಪರಿಣಾಮವೇನು?

1 ಎಕರೆ 20 ಗುಂಟೆಯವನಿಗೆ ತಂತ್ರಾಂಶವು 1.2 ಎಕರೆಯ ಗೊಬ್ಬರವನ್ನು ಹೇಳುವುದು. 106 ಕಿಲೋ ಯೂರಿಯಕ್ಕೆ ಬದಲಾಗಿ 85 ಕಿಲೋ. ಐದರಲ್ಲೊಂದು ಪಾಲು ಕಡಿಮೆ. 39 ಗುಂಟೆಯವನಿಗೆ ಬೇಕಾದುದರ ಹತ್ತು ಪಾಲಿನಲ್ಲಿ ನಾಲ್ಕು ಪಾಲು ಮಾತ್ರ ದೊರೆಯುವುದು. 1 ಎಕರೆ 5 ಗುಂಟೆಯನ್ನು 1.5 ಎಂದು ಬರೆದರೆ ದೋಷವು ಮಗ್ಗುಲು ಬದಲಾಯಿಸುವುದು. ಆಗ 80 ಕಿಲೋಗೆ ಬದಲಾಗಿ 106 ಕಿಲೋ ಯೂರಿಯ. ಸಾರಜನಕವು ಮಿತಿಮೀರಿದರೆ ಪೈರು ಹುಲುಸಾಗಿ ಬೆಳೆದು ನೆಲಕ್ಕೊರಗುವುದು, ಬೆಂಕಿರೋಗಕ್ಕೆ ಸುಲಭವಾಗಿ ತುತ್ತಾಗುವುದು. ಕಡಿಮೆಯಾದರೆ ತೆನೆ ಬಡವಾಗುವುದು. ಎರಡರಲ್ಲಿಯೂ ಸಾಲಮಾಡಿ ಗೊಬ್ಬರ ತಂದವನಿಗೇ ನಷ್ಟ. ಇಡಿಯಾದ ಎಕರೆಗಳನ್ನುಳ್ಳವನಿಗೆ ಈ ದೋಷವು ತಗಲುವುದೇ ಇಲ್ಲ. ಗುಂಟೆಗಳ ಮೇಲೆ ಜೀವನ ಮಾಡುವ ಸಣ್ಣ ಹಿಡುವಳಿದಾರನಿಗೇ ತಗಲುವುದು. ದೊಡ್ಡ ಅಂಕಿಗಳಿಂದ ಮಾತ್ರ ಪರೀಕ್ಷಿಸಿದ ತಂಡವು ತಿಳಿಯದೆಯೇ ಆ ಬಡವನನ್ನು ಪರೀಕ್ಷೆಯ ಹೊರಗಿಟ್ಟಂತಾಯಿತು.

ಆದ್ದರಿಂದ ಉದಾಹರಣೆಗಳನ್ನು ಈ ಕೆಳಗಿನಂತೆ ಆರಿಸತಕ್ಕದ್ದು:—

(ಅ) ಸುಲಭವಾದುದು ಒಂದು: 1 ಎಕರೆ 0 ಗುಂಟೆ.

(ಆ) ಗುಂಟೆಯನ್ನುಳ್ಳವು: 1 ಎಕರೆ 20 ಗುಂಟೆ, 1 ಎಕರೆ 5 ಗುಂಟೆ.

(ಇ) ಎಲ್ಲೆಯ ಈಚೆ, ಎಲ್ಲೆಯ ಆಚೆ: 39 ಗುಂಟೆ, 40 ಗುಂಟೆ. ಮೊದಲನೆಯದನ್ನು ಸ್ವೀಕರಿಸಬೇಕು, ಎರಡನೆಯದನ್ನು ನಿರಾಕರಿಸಬೇಕು. ಹೊಲದ ಜಗಳವು ಬದುವಿನ ಮೇಲೆ ಹುಟ್ಟುವಂತೆ ತಂತ್ರಾಂಶದ ದೋಷವೂ ಹೆಚ್ಚಾಗಿ ಎಲ್ಲೆಯ ಮೇಲೆಯೇ ಹುಟ್ಟುವುದು.

(ಈ) ಕೊಡಬಾರದಂಥವು: ಸೊನ್ನೆ ಕ್ಷೇತ್ರ, ಖಾಲಿ ಜಾಗ, ಅಂಕಿಗೆ ಬದಲಾಗಿ ಅಕ್ಷರ, ಕನ್ನಡದ ಅಂಕಿಗಳು. ರೈತನು ತಪ್ಪಿ ಒತ್ತುವುದು ಸಹಜ. ಆಗ ತಂತ್ರಾಂಶವು ತಪ್ಪನ್ನು ತಿಳಿಸಬೇಕೇ ಹೊರತು ಏನೋ ಒಂದು ಉತ್ತರವನ್ನು ಕೊಟ್ಟುಬಿಡಕೂಡದು.

ಪ್ರತಿ ಕಲಮಿಗೂ ಒಂದಾದರೂ ಉದಾಹರಣೆಯುಂಟೋ, ಪ್ರತಿ ಉದಾಹರಣೆಯೂ ಯಾವುದಾದರೊಂದು ಕಲಮಿಗೆ ಸೇರಿದುದೋ ಎಂಬುದನ್ನು ಲೇಖಕನು ಎರಡು ಕಡೆಯಿಂದಲೂ ತಾಳೆ ನೋಡತಕ್ಕದ್ದು. ತಾಳೆಯಲ್ಲಿ ಖಾಲಿ ಉಳಿದ ಕಲಮೇ ಪರೀಕ್ಷೆಯಾಗದ ಕಲಮು.

ಕಿಲೋಗ್ರಾಮಿನ ಅಂತರವನ್ನು ನೋಡಿ ದೋಷದ ಜಾಡನ್ನೂ ಹಿಡಿಯಬಹುದು. 1 ಎಕರೆ 20 ಗುಂಟೆಗೆ 132 ಕಿಲೋ ಯೂರಿಯವೆಂದು ಉತ್ತರ ಬಂದರೆ ಡಿ.ಎ.ಪಿ.ಯಲ್ಲಿರುವ ಸಾರಜನಕವನ್ನು ಕಳೆಯಲು ಮರೆತಿರುವುದು ಸ್ಪಷ್ಟ. ಮೂರನೆಯ ಕಲಮು ನೆರವೇರಲಿಲ್ಲ. 262 ಕಿಲೋ ಬಂದರೆ ಎಕರೆಯನ್ನೇ ಹೆಕ್ಟೇರೆಂದೆಣಿಸಿದೆ. ಎರಡನೆಯ ಕಲಮು ನೆರವೇರಲಿಲ್ಲ.

5. ಅಳತೆಯ ಗೊಂದಲದಿಂದ ನಾಶವಾದ ನೌಕೆ

ಎಕರೆ ಹೆಕ್ಟೇರುಗಳ ಗೊಂದಲವು ಅರೆಕಲಿತವರಿಗೆ ಮಾತ್ರ ಬರುವ ತಪ್ಪೆಂದು ಯಾರೂ ಭಾವಿಸಬಾರದು. ಅಮೆರಿಕದ ನಾಸಾ ಸಂಸ್ಥೆಯು ಮಂಗಳ ಗ್ರಹದ ಹವಾಮಾನವನ್ನು ತಿಳಿಯಲು 1998ರ ಡಿಸೆಂಬರಿನಲ್ಲಿ ಒಂದು ನೌಕೆಯನ್ನು ಕಳುಹಿಸಿತು. ಅದರ ಹೆಸರು ಮಾರ್ಸ್ ಕ್ಲೈಮೇಟ್ ಆರ್ಬಿಟರ್. ನೌಕೆಯ ಸಣ್ಣ ರಾಕೆಟ್ಟುಗಳ ತಳ್ಳುವಿಕೆಯನ್ನು ಭೂಮಿಯ ಮೇಲಿನ ತಂತ್ರಾಂಶವೊಂದು ಲೆಕ್ಕಹಾಕುತ್ತಿತ್ತು. ಆ ಲೆಕ್ಕವನ್ನು ಮೆಟ್ರಿಕ್ ಮಾನವಾದ ನ್ಯೂಟನ್ ಸೆಕೆಂಡುಗಳಲ್ಲಿ ಕೊಡಬೇಕೆಂದು ಅಗತ್ಯಗಳ ಪಟ್ಟಿಯಲ್ಲಿ ಸ್ಪಷ್ಟವಾಗಿ ಬರೆದಿತ್ತು. ತಂತ್ರಾಂಶವು ಪೌಂಡುಗಳ ಮಾನದಲ್ಲಿ ಕೊಟ್ಟಿತು. ಇವೆರಡಕ್ಕೂ ಸುಮಾರು 4.45 ಪಟ್ಟು ವ್ಯತ್ಯಾಸ. ತಿಂಗಳುಗಟ್ಟಲೆ ಈ ತಪ್ಪು ಸೇರುತ್ತ ಹೋಗಿ, ಮಂಗಳದ ನೆಲದಿಂದ ಸುಮಾರು 226 ಕಿಲೋಮೀಟರು ಎತ್ತರದಲ್ಲಿ ಹಾಯಬೇಕಾಗಿದ್ದ ನೌಕೆಯು ಸುಮಾರು 57 ಕಿಲೋಮೀಟರಿನವರೆಗೆ ಕೆಳಕ್ಕೆ ಸರಿದು, 1999ರ ಸೆಪ್ಟೆಂಬರ್ 23ರಂದು ನಾಶವಾಯಿತು.

ಇಲ್ಲಿ ಎರಡು ಪಾಠಗಳುಂಟು. ಮೊದಲನೆಯದು, ಪಟ್ಟಿಯು ಸರಿಯಾಗಿದ್ದಿತು. ತಂತ್ರಾಂಶವನ್ನು ಆ ಕಲಮಿಗೆ ಹಚ್ಚಿ ನೋಡಲಿಲ್ಲ. ಒಂದೇ ಒಂದು ಉದಾಹರಣೆಯನ್ನು ಕೈಲೆಕ್ಕದೊಡನೆ ಹೋಲಿಸಿದ್ದರೆ ನಾಲ್ಕೂವರೆ ಪಟ್ಟಿನಷ್ಟು ಅಂತರವು ಕಾಣದೆ ಇರುತ್ತಿರಲಿಲ್ಲ. ಎರಡನೆಯದು, ನೌಕೆಯ ದಾರಿಯನ್ನು ನೋಡಿಕೊಳ್ಳುತ್ತಿದ್ದವರಿಗೆ ಲೆಕ್ಕದಲ್ಲಿ ವ್ಯತ್ಯಾಸವು ಮುಂಚೆಯೇ ಕಂಡಿತ್ತು. ಆದರೆ ಅದು ಕ್ರಮಬದ್ಧವಾಗಿ ದಾಖಲಾಗಿ ಬಗೆಹರಿಯಲಿಲ್ಲ. ತಂಡದಲ್ಲಿ ಲೇಖಕನ ಸ್ಥಾನವು ಎಷ್ಟು ದೊಡ್ಡದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

6. ಪಟ್ಟಿಯೇ ತಪ್ಪಾಗಿದ್ದರೆ

ಇನ್ನು ಐದನೆಯ ಕಲಮಿಗೆ ಬರಬೇಕು. ಅದರಲ್ಲಿ ಚೀಲಕ್ಕೆ 50 ಕಿಲೋಗ್ರಾಮೆಂದು ಬರೆದಿದೆ. ತಂತ್ರಾಂಶವೂ ಹಾಗೆಯೇ ಲೆಕ್ಕಹಾಕಿ, 106 ಕಿಲೋ ಯೂರಿಯಕ್ಕೆ 2 ಚೀಲ 6 ಕಿಲೋ ಎಂದು ತೋರಿಸುವುದು. ಓದುಗನು ‘ಸರಿ’ ಎನ್ನುವನು, ಲೇಖಕನು ‘ಸರಿ’ ಎಂದು ಬರೆಯುವನು. ಆಗ ಮಗ್ಗುಲಲ್ಲಿ ಕುಳಿತ ರೈತನು, ‘ಯೂರಿಯದ ಚೀಲ ಈಗ 45 ಕಿಲೋ ಅಲ್ಲವೆ ಸ್ವಾಮಿ?’ ಎಂದು ಕೇಳಿಯಾನು. ಅವನ ಮಾತೇ ನಿಜ. 2018ರಿಂದ ಭಾರತದಲ್ಲಿ ಬೇವು ಲೇಪಿತ ಯೂರಿಯವು 45 ಕಿಲೋಗ್ರಾಮಿನ ಚೀಲದಲ್ಲಿ ಬರುತ್ತಿದೆ, ಡಿ.ಎ.ಪಿ.ಯ ಚೀಲವು 50 ಕಿಲೋಗ್ರಾಮಾಗಿಯೇ ಇದೆ. ತಂತ್ರಾಂಶದ ಮಾತಿನಂತೆ ಎರಡು ಚೀಲ ಕೊಂಡು, ನೆರೆಯವನಿಂದ ಆರು ಕಿಲೋ ತಂದವನ ಹೊಲಕ್ಕೆ ಬೀಳುವುದು 96 ಕಿಲೋ. 10 ಕಿಲೋ ಕಡಿಮೆ. ಸರಿಯಾದ ಉತ್ತರವು 2 ಚೀಲ 16 ಕಿಲೋ.

ಇಲ್ಲಿ ತಂತ್ರಾಂಶವು ಪಟ್ಟಿಗೆ ಅಕ್ಷರಶಃ ಹೊಂದಿಕೊಂಡಿದೆ. ಪಟ್ಟಿಯು ಹೊಲಕ್ಕೆ ಹೊಂದಿಕೊಂಡಿಲ್ಲ. ಇವೆರಡೂ ಬೇರೆ ಬೇರೆ ಪರೀಕ್ಷೆಗಳೆಂಬುದನ್ನು ತಂಡದವರು ಚೆನ್ನಾಗಿ ಮನಗಾಣಬೇಕು. ‘ಹೇಳಿದಂತೆ ಮಾಡಿದೆಯೆ?’ ಎಂಬುದು ಮೊದಲನೆಯ ಪ್ರಶ್ನೆ. ‘ಹೇಳಿದ್ದೇ ಸರಿಯೆ?’ ಎಂಬುದು ಎರಡನೆಯದು. ಮೊದಲನೆಯದಕ್ಕೆ ಕಾಗದ ಸಾಕು. ಎರಡನೆಯದಕ್ಕೆ ಹೊಲವನ್ನೂ ಅಂಗಡಿಯನ್ನೂ ಬಲ್ಲವನೇ ಬೇಕು. ತಂಡದ ಜೊತೆ ರೈತನು ಕುಳಿತಿರಬೇಕೆಂದು ಹೇಳಿದುದು ಇದಕ್ಕಾಗಿಯೇ.

ಎರಡನೆಯ ಪ್ರಶ್ನೆಯನ್ನು ಕೇಳದೆ ಹೋದುದಕ್ಕೆ ಯೂರೋಪಿನ ಏರಿಯಾನ್ 5 ರಾಕೆಟ್ಟು ನಿದರ್ಶನ. 1996ರ ಜೂನ್ 4ರಂದು ಫ್ರೆಂಚ್ ಗಯಾನದ ಕೂರೂ ಎಂಬಲ್ಲಿಂದ ಮೊದಲ ಸಲ ಮೇಲಕ್ಕೆದ್ದ ಈ ರಾಕೆಟ್ಟು ಸುಮಾರು 40 ಸೆಕೆಂಡುಗಳೊಳಗೆ ದಾರಿ ತಪ್ಪಿ ನಾಶವಾಯಿತು. ಇದರ ದಿಕ್ಕನ್ನು ಅಳೆಯುವ ತಂತ್ರಾಂಶವನ್ನು ಹಿಂದಿನ ಏರಿಯಾನ್ 4ರಿಂದ ತೆಗೆದುಕೊಂಡಿದ್ದರು. ಹಳೆಯ ರಾಕೆಟ್ಟಿನ ಅಡ್ಡವೇಗಕ್ಕೆ ಸಂಬಂಧಿಸಿದ ಅಂಕಿಯು 32,767ನ್ನು ಮೀರುವಂತಿರಲಿಲ್ಲ. ಅದಕ್ಕೆ ತಕ್ಕಷ್ಟೇ ಜಾಗವನ್ನು ಇಟ್ಟಿದ್ದರು. ಹೊಸ ರಾಕೆಟ್ಟಿನ ಅಡ್ಡವೇಗವು ಹೆಚ್ಚು. ಅಂಕಿಯು ಜಾಗವನ್ನು ಮೀರಿತು, ಅಳೆಯುವ ಯಂತ್ರವು ನಿಂತಿತು. ಅದು ಕೆಟ್ಟರೆ ಇರಲೆಂದು ಇನ್ನೊಂದು ಯಂತ್ರವೂ ಇದ್ದಿತು. ಆದರೆ ಅದರಲ್ಲಿಯೂ ಅದೇ ತಂತ್ರಾಂಶವಿದ್ದುದರಿಂದ ಅದೂ ಅದೇ ಕಾರಣದಿಂದ ನಿಂತಿತು. ತಂತ್ರಾಂಶವು ಹಳೆಯ ಪಟ್ಟಿಗೆ ತಪ್ಪಿ ನಡೆದಿರಲಿಲ್ಲ. ಹೊಸ ರಾಕೆಟ್ಟಿನ ದಾರಿಯು ಆ ಪಟ್ಟಿಯಲ್ಲಿ ಸೇರಿರಲೇ ಇಲ್ಲ. ಒಂದು ನೆಲಕ್ಕೆ ಹಿಡಿಸಿದ ತಳಿಯನ್ನು ಇನ್ನೊಂದು ನೆಲಕ್ಕೆ ತರುವಾಗ ಪ್ರಯೋಗ ತಾಕಿನಲ್ಲಿ ಬೆಳೆದು ನೋಡದೆ ಹಂಚಕೂಡದೆಂಬುದು ಇಲಾಖೆಯವರೆಲ್ಲರೂ ಬಲ್ಲ ಸಂಗತಿ. ತಂತ್ರಾಂಶಕ್ಕೂ ಅದೇ ನ್ಯಾಯ.

7. ದಾಖಲೆ ಮತ್ತು ಮರುಪರೀಕ್ಷೆ

ಕಂಡ ಪ್ರತಿ ದೋಷಕ್ಕೂ ಲೇಖಕನು ಕಲಮಿನ ಸಂಖ್ಯೆ, ಕೊಟ್ಟ ಅಂಕಿ, ಬರಬೇಕಾದ ಉತ್ತರ, ಬಂದ ಉತ್ತರ, ತಾರೀಖು ಇವುಗಳನ್ನು ಬರೆದಿಡತಕ್ಕದ್ದು. ‘ಲೆಕ್ಕ ಸರಿಯಾಗಿ ಬರುವುದಿಲ್ಲ’ ಎಂಬ ದೂರಿನಿಂದ ತಯಾರಕನಿಗೆ ಉಪಯೋಗವಿಲ್ಲ. ‘1 ಎಕರೆ 5 ಗುಂಟೆ ಕೊಟ್ಟರೆ ಯೂರಿಯ 80ಕ್ಕೆ ಬದಲಾಗಿ 106 ಎಂದು ಬರುವುದು’ ಎಂದು ಬರೆದರೆ ಅವನು ಆ ದೋಷವನ್ನು ತಾನೂ ಕಣ್ಣಾರೆ ಕಂಡು ತಿದ್ದಬಹುದು.

ತಿದ್ದಿ ಬಂದ ಮೇಲೆ ಆ ಒಂದು ಉದಾಹರಣೆಯನ್ನು ಮಾತ್ರ ನೋಡಿ ತೃಪ್ತರಾಗಕೂಡದು. ಕಾಲುವೆಯ ಒಂದು ಕಡೆ ಒಡಕನ್ನು ಮುಚ್ಚಿದರೆ ನೀರು ಇನ್ನೊಂದು ಕಡೆ ಒಡೆಯುವುದುಂಟು. ಆದಕಾರಣ ಹಿಂದೆ ಸರಿಯಾಗಿದ್ದುವನ್ನೂ ಸೇರಿಸಿ ಎಲ್ಲಾ ಉದಾಹರಣೆಗಳನ್ನೂ ಪುನಃ ನಡೆಸತಕ್ಕದ್ದು.

8. ನೆನಪಿಡಬೇಕಾದ ಅಂಶಗಳು

(1) ಪಟ್ಟಿಯಿಲ್ಲದೆ ಪರೀಕ್ಷೆಯಿಲ್ಲ. ಅಳತೆಗೆ ಸಿಕ್ಕದ ಕಲಮನ್ನು ಮೊದಲು ತಿದ್ದಿಸಬೇಕು. (2) ತಯಾರಿಸಿದವನೇ ಪರೀಕ್ಷಕನಾಗಕೂಡದು. (3) ಕೈಲೆಕ್ಕವು ಮೊದಲು, ಯಂತ್ರದ ಉತ್ತರವು ಅನಂತರ. (4) ಸುಲಭವಾದ ಉದಾಹರಣೆ ಒಂದು ಸಾಕು. ಎಲ್ಲೆಯ ಮೇಲಿನವೂ ತಪ್ಪಾದವೂ ಹೆಚ್ಚಾಗಿರಬೇಕು. (5) ಪಟ್ಟಿಯನ್ನೇ ಹೊಲದಲ್ಲಿ ನಿಲ್ಲಿಸಿ ನೋಡಬೇಕು. (6) ಬರೆದಿಡದ ದೋಷವು ಕಂಡರೂ ಕಾಣದಂತೆಯೇ.

ಎಷ್ಟು ಪರೀಕ್ಷಿಸಿದರೂ ತಂತ್ರಾಂಶವು ಸಂಪೂರ್ಣವಾಗಿ ನಿರ್ದೋಷವೆಂದು ಹೇಳಲಾಗದು. ಹುಡುಕಿದ ಕಡೆಯಲ್ಲಿ ಸಿಕ್ಕಲಿಲ್ಲವೆಂದಷ್ಟೇ ಹೇಳಬಹುದು. ಆದರೂ ಐದು ಮಂದಿ ಎರಡು ಗಂಟೆಯ ಕಾಲ ಕುಳಿತು, ಗುಂಟೆ ಗುಂಟೆಯನ್ನೂ ಎಣಿಸಿ ನೋಡಿದರೆ ಮೇಲೆ ಹೇಳಿದ ದೋಷಗಳಲ್ಲಿ ಒಂದೂ ಹೊಲದವರೆಗೆ ಹೋಗಲಾರದು. ತಂತ್ರಾಂಶದ ಯೋಗ್ಯತಾಪತ್ರಕ್ಕೆ ರುಜು ಹಾಕುವವನು ಅದಕ್ಕೆ ಮುಂಚೆ ತಾನೇ ತನ್ನ ಕೈಯಿಂದ 39 ಗುಂಟೆಯ ಲೆಕ್ಕವನ್ನು ಒಂದು ಸಲ ಮಾಡಿ ನೋಡತಕ್ಕದ್ದು.